ಕಣ್ಣಿನ ಹುಣ್ಣಿಗೆ ಬರೀ ಆಂಟಿಬಯೋಟಿಕ್ ಸಾಕೋ, ಜೊತೆಗೆ ಸ್ಟೀರಾಯ್ಡೂ ಬೇಕೋ?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅಥಣಿ, ಮುಧೋಳ, ಜಮಖಂಡಿ ಕಡೆಯ ಓದುಗರಿಂದ ಒಂದೇ ಥರದ ಪ್ರಶ್ನೆಗಳು ಬರತೊಡಗುತ್ತವೆ. ಅಪ್ಪನ ಕಣ್ಣಿಗೆ ಕಬ್ಬಿನ ಗರಿ ಬಡಿದು ಹುಣ್ಣಾಗಿದೆ. ತಾಲ್ಲೂಕಿನ ಡಾಕ್ಟರು ಬರೀ ಆಂಟಿಬಯೋಟಿಕ್ ಹನಿ ಕೊಟ್ಟಿದ್ದಾರೆ. ಜಿಲ್ಲೆಯ ಡಾಕ್ಟರು ಎರಡು ದಿನ ನೋಡಿ ಸ್ಟೀರಾಯ್ಡ್ ಸೇರಿಸೋಣ ಅಂದಿದ್ದಾರೆ. ಊರಿನ ಔಷಧಿ ಅಂಗಡಿಯಲ್ಲಿ ಎರಡೂ ಸೇರಿರುವ ಒಂದು ಬಾಟಲಿ ಕೊಟ್ಟು, "ಇದನ್ನ ಹಾಕ್ರಿ ಕಾಕಾ, ನಾಳಿಗೆ ಕಡಿಮಿ ಆಗ್ತೈತಿ" ಅಂದಿದ್ದಾರೆ. ಸ್ಟೀರಾಯ್ಡ್ ಹಾಕಿದರೆ ಕಣ್ಣೇ ಹೋಗುತ್ತೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ಯಾರ ಮಾತು ಕೇಳಬೇಕು?

ಹನಿ ಬರೆದುಕೊಡುವುದು ಕಣ್ಣಿನ ಡಾಕ್ಟರ ಕೆಲಸ. ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸಲು ಆಗುವುದಿಲ್ಲ. ಆದರೆ ಮನೆಯವರೇ ತೀರ್ಮಾನಿಸಬೇಕಾದ ಸಂಗತಿಗಳೂ ಬೇಕಾದಷ್ಟಿವೆ. ಯಾವ ಆಸ್ಪತ್ರೆಗೆ ಹೋಗುವುದು, ಯಾವ ಪರೀಕ್ಷೆಗೆ ದುಡ್ಡು ಹಾಕುವುದು, ಅಡ್ಮಿಟ್ ಆಗುವುದೋ ಮನೆಗೆ ಬರುವುದೋ, ಎರಡು ಸಲಹೆ ಬಂದಾಗ ಏನು ಕೇಳಿ ಒಂದನ್ನು ಆರಿಸುವುದು. ಸ್ಟೀರಾಯ್ಡ್ ಬೇಕೋ ಬೇಡವೋ ಎಂಬುದು ಈ ಎಲ್ಲದರ ಮೇಲೆ ನಿಂತಿದೆ. ಅದಕ್ಕೇ ಈ ಬರಹ.

ಎರಡು ಔಷಧಿ, ಎರಡು ಬೇರೆ ಕೆಲಸ

ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅಷ್ಟೇ. ಫಂಗಸ್ ಮೇಲೆ, ವೈರಸ್ ಮೇಲೆ ಅದರ ಆಟ ನಡೆಯುವುದಿಲ್ಲ. ಸ್ಟೀರಾಯ್ಡ್ ಏನನ್ನೂ ಕೊಲ್ಲುವುದಿಲ್ಲ. ಅದು ಉರಿಯೂತವನ್ನು, ಅಂದರೆ ಕೆಂಪು, ಬಾವು, ನೋವನ್ನು ತಗ್ಗಿಸುತ್ತದೆ.

ಹಾಗಾದರೆ ಸೋಂಕಿಗೆ ಸ್ಟೀರಾಯ್ಡ್ ಯಾಕೆ ಬೇಕು? ಕಪ್ಪು ಗುಡ್ಡೆಯ ಮೇಲಿರುವ ಗಾಜಿನಂಥ ಪದರ ಕಾರ್ನಿಯಾ. ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಅಲ್ಲಿಗೆ ರೋಗಾಣು ಹೊಕ್ಕರೆ ದೇಹದ ಬಿಳಿ ರಕ್ತಕಣಗಳು ದಂಡಾಗಿ ಬರುತ್ತವೆ. ಹೊಲಕ್ಕೆ ನುಗ್ಗಿದ ದನ ಓಡಿಸಲು ಊರೆಲ್ಲ ಒಳಗೆ ಓಡಿದರೆ ದನ ತಿಂದದ್ದಕ್ಕಿಂತ ತುಳಿದು ಹಾಳಾದ ಬೆಳೆಯೇ ಜಾಸ್ತಿ ಆಗುತ್ತದಲ್ಲ, ಹಾಗೆ ಇಲ್ಲಿಯೂ. ಬಿಳಿ ಕಣಗಳು ಬಿಡುವ ರಾಸಾಯನಿಕಗಳು ಕಾರ್ನಿಯಾವನ್ನೇ ಕರಗಿಸುತ್ತವೆ. ಹುಣ್ಣು ಮಾಯುತ್ತದೆ, ಆದರೆ ಬೆಳ್ಳಗಿನ ಕಲೆ ಉಳಿಯುತ್ತದೆ. ನಮ್ಮ ಕಡೆ 'ಕಣ್ಣಾಗ ಹೂ ಬಿತ್ತು' ಅನ್ನುವುದು ಇದನ್ನೇ. ಕಲೆ ಪಾಪೆಯ ಎದುರಿಗೇ ಕೂತರೆ ರೋಗಾಣು ಸತ್ತಿದ್ದರೂ ನೋಟ ಮಂಜು.

ಆ ಕಲೆ ಕಡಿಮೆಯಾಗಲಿ ಎಂದೇ ಸ್ಟೀರಾಯ್ಡ್ ಸೇರಿಸುವ ವಿಚಾರ ಬಂದಿದ್ದು. ಅಪಾಯವೂ ಅಲ್ಲಿಯೇ ಇದೆ. ರೋಗಾಣು ಇನ್ನೂ ಬದುಕಿರುವಾಗ ದೇಹದ ಕಾವಲನ್ನು ತಡೆದರೆ ಅದು ಆರಾಮಾಗಿ ಬೆಳೆಯುತ್ತದೆ. ಹೊರಗೆ ಮಾತ್ರ ಕೆಂಪು ಇಳಿದಿರುತ್ತದೆ, ನೋವು ಕಡಿಮೆ ಆಗಿರುತ್ತದೆ. ರೋಗಿಗೆ ಗುಣವಾದಂತೆ ಅನ್ನಿಸುತ್ತದೆ, ಹುಣ್ಣು ಒಳಗೆ ಆಳಕ್ಕೆ ಇಳಿಯುತ್ತಿರುತ್ತದೆ. ಈ ಒಂದು ಸಂಗತಿ ತಿಳಿದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು: ರೋಗಾಣು ಯಾವುದು? ದಕ್ಷಿಣ ಭಾರತದ ಬೇಸಾಯದ ಪ್ರದೇಶಗಳಲ್ಲಿ ಕಾರ್ನಿಯಾ ಹುಣ್ಣುಗಳಲ್ಲಿ ಫಂಗಸ್‌ನ ಪಾಲು ದೊಡ್ಡದು. ಮದುರೈ ಭಾಗದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆಯಲ್ಲಿ ರೋಗಾಣು ಸಿಕ್ಕ ಹುಣ್ಣುಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಫಂಗಸ್ ಇತ್ತು. ನಮ್ಮ ಮೂರು ಜಿಲ್ಲೆಗಳ ಕೆಲಸಗಳನ್ನು ನೆನೆಸಿಕೊಳ್ಳಿ. ಬೆಳಗಾವಿ, ಬಾಗಲಕೋಟೆಯಲ್ಲಿ ಕಬ್ಬಿನ ಗರಿ, ರವದಿ. ವಿಜಯಪುರದಲ್ಲಿ ಬಿಳಿಜೋಳದ ಕಟಾವು, ರಾಶಿ, ಕುಸುಬೆಯ ಮುಳ್ಳು. ಗಿಡ, ಎಲೆ, ಕಡ್ಡಿ ತಾಗಿ ಆದ ಗಾಯದಲ್ಲಿ ಫಂಗಸ್ ಇರುವ ಸಾಧ್ಯತೆ ಜಾಸ್ತಿ. ಹೀಗಾಗಿ ಹೊರದೇಶದ ದೊಡ್ಡ ನಗರದಲ್ಲಿ ಕೂತು ಬರೆದ ಸಲಹೆಯನ್ನು ನಮ್ಮ ಹೊಲದ ಗಾಯಕ್ಕೆ ಹಾಗೇ ಹಚ್ಚಲು ಬರುವುದಿಲ್ಲ.

ಬರೀ ನೋಡಿ ಇದು ಫಂಗಸ್, ಇದು ಬ್ಯಾಕ್ಟೀರಿಯಾ ಅಂತ ಖಚಿತವಾಗಿ ಹೇಳುವುದು ಅನುಭವಿ ಡಾಕ್ಟರಿಗೂ ಕಷ್ಟ. ಅದಕ್ಕೆ ಹುಣ್ಣನ್ನು ಸ್ವಲ್ಪ ಕೆರೆದು ತೆಗೆದು ಪರೀಕ್ಷೆ ಮಾಡುತ್ತಾರೆ. ಹೆಸರು ಕೇಳಿಯೇ ಜನ ಬೆಚ್ಚಿಬೀಳುತ್ತಾರೆ. ಮರಗಟ್ಟಿಸುವ ಹನಿ ಹಾಕಿ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ಎದುರು ಕೂರಿಸಿ ಮಾಡುವ ಕೆಲಸ ಅದು. ಕೆಲವೇ ನಿಮಿಷ. ತೆಗೆದದ್ದನ್ನು ಗಾಜಿನ ಮೇಲೆ ಸವರಿ (ಇದಕ್ಕೇ ಸ್ಮಿಯರ್ ಅನ್ನುವುದು), ಗ್ರಾಂ ಬಣ್ಣ ಮತ್ತು ಕೆಓಎಚ್ ದ್ರಾವಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಫಂಗಸ್ ಎಳೆಗಳಿವೆಯೇ ಎಂಬುದು ಅವತ್ತೇ ಗೊತ್ತಾಗಬಹುದು. ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ವರದಿ ತಡ. ಬ್ಯಾಕ್ಟೀರಿಯಾಕ್ಕೆ ಸಾಮಾನ್ಯವಾಗಿ ಎರಡು ದಿನ, ಫಂಗಸ್‌ಗೆ ಒಂದು ವಾರ ಅಥವಾ ಅದಕ್ಕೂ ಜಾಸ್ತಿ. ಆಂಟಿಬಯೋಟಿಕ್ ಶುರುಮಾಡುವ ಮೊದಲೇ ಕೆರೆದರೆ ರೋಗಾಣು ಸಿಗುವ ಅವಕಾಶ ಹೆಚ್ಚು.

ಎರಡನೆಯದು, ಹಾಕಿದ ಆಂಟಿಬಯೋಟಿಕ್ ಹಿಡಿದಿದೆಯೇ? ಹುಣ್ಣು ಬೆಳೆಯುವುದು ನಿಂತಿದೆಯೇ, ಅಂಚು ಗಟ್ಟಿಯಾಗುತ್ತಿದೆಯೇ, ಕೀವು ಇಳಿಯುತ್ತಿದೆಯೇ? ಇದನ್ನು ಹೇಳಲು ಕನಿಷ್ಠ 48 ತಾಸು ಬೇಕು.

ಮೂರನೆಯದು ಹುಣ್ಣಿನ ಜಾಗ ಮತ್ತು ಆಳ. ಅಂಚಿನಲ್ಲಿರುವ ಚಿಕ್ಕ ಹುಣ್ಣಿನ ಕಲೆ ನೋಟಕ್ಕೆ ಅಡ್ಡ ಬರುವುದಿಲ್ಲ. ನಟ್ಟನಡುವಿನದು ಬರುತ್ತದೆ. ಪದರ ತುಂಬ ತೆಳುವಾಗಿ ತೂತು ಬೀಳುವ ಹಂತಕ್ಕೆ ಬಂದಿದ್ದರೆ ಲೆಕ್ಕವೇ ಬೇರೆ.

ಇನ್ನುಳಿದವು ಮನೆಯ ಕಡೆಯ ಸಂಗತಿಗಳು. ಡಾಕ್ಟರು ಕೇಳದಿದ್ದರೂ ನೀವೇ ಹೇಳಬೇಕಾದವು. ಎರಡು ಮೂರು ದಿನಕ್ಕೊಮ್ಮೆ ಬಂದು ತೋರಿಸಲು ಆಗುತ್ತದೆಯೇ? ಹಗಲೂ ರಾತ್ರಿ ತಾಸಿಗೊಮ್ಮೆ ಹನಿ ಹಾಕಲು ಮನೆಯಲ್ಲಿ ಯಾರಿದ್ದಾರೆ? ರೋಗಿಗೆ ಗ್ಲಾಕೋಮಾ (ಕಣ್ಣಿನ ನರ ಸೊರಗುವ ಕಾಯಿಲೆ) ಇದೆಯೇ, ಸಕ್ಕರೆ ಕಾಯಿಲೆ ಇದೆಯೇ? ಇದೇ ಕಣ್ಣಿಗೆ ಹಿಂದೆ ಹೀಗೆ ಹುಣ್ಣಾಗಿತ್ತೇ? ಏನು ತಾಗಿತು? ಎಣ್ಣೆ, ಎಲೆಯ ರಸ, ಎದೆಹಾಲು ಏನಾದರೂ ಹಾಕಿದ್ದೀರಾ? ಇದನ್ನು ಮುಚ್ಚಿಡಬೇಡಿ. ಡಾಕ್ಟರು ಬೈದಾರು ಎಂದು ಅಂಜಿ ಹೇಳದೇ ಉಳಿದರೆ ಕೆಡುವುದು ನಿಮ್ಮವರ ಕಣ್ಣು.

ಬರೀ ಆಂಟಿಬಯೋಟಿಕ್

ಬ್ಯಾಕ್ಟೀರಿಯಾ ಹುಣ್ಣಿಗೆ ಇದೇ ಬುನಾದಿ. ಮಾಕ್ಸಿಫ್ಲಾಕ್ಸಾಸಿನ್ ಶೇ 0.5ರ ಹನಿಯನ್ನು ಮೊದಲ ಎರಡು ದಿನ ತಾಸಿಗೊಮ್ಮೆ ಹಾಕಿಸುವುದು ರೂಢಿ. ಹುಣ್ಣು ದೊಡ್ಡದಿದ್ದರೆ ಆಸ್ಪತ್ರೆಯಲ್ಲೇ ಇಂಜೆಕ್ಷನ್ ಪುಡಿಯಿಂದ ತಯಾರಿಸುವ ಗಟ್ಟಿ ಹನಿ ಕೊಡುತ್ತಾರೆ. ಸೆಫಜೋಲಿನ್ ಮತ್ತು ಟೋಬ್ರಾಮೈಸಿನ್ ಜೋಡಿ ಇದರಲ್ಲಿ ಹಳೆಯದು, ನಂಬಿಕೆಯದು. ಆದರೆ ಆ ಹನಿ ಫ್ರಿಜ್‌ನಲ್ಲಿರಬೇಕು, ಕೆಲವೇ ದಿನ ಬಾಳುತ್ತದೆ. ಮನೆಯಲ್ಲಿ ಫ್ರಿಜ್ ಇಲ್ಲ, ತೋಟದ ಮನೆಯಲ್ಲಿ ಕರೆಂಟ್ ನೆಚ್ಚುವಂತಿಲ್ಲ ಅಂದರೆ ಅದನ್ನು ಮೊದಲೇ ಹೇಳಿಬಿಡಿ. ಅಡ್ಮಿಟ್ ಆಗುವುದು ಮೇಲು ಅನ್ನಿಸಬಹುದು, ಅಥವಾ ಅಂಗಡಿಯಲ್ಲಿ ಸಿಗುವ ಹನಿಯಿಂದಲೇ ಶುರುಮಾಡಬಹುದು.

ಈ ದಾರಿಯ ಒಳ್ಳೆಯ ಗುಣ ಅಂದರೆ ಸುರಕ್ಷಿತ. ರೋಗಾಣು ಇಂಥದ್ದೇ ಎಂದು ಗೊತ್ತಿಲ್ಲದಿದ್ದರೂ ದೊಡ್ಡ ಕೆಡುಕು ಮಾಡುವುದಿಲ್ಲ. ಕಣ್ಣಿನ ಪ್ರೆಶರ್ ಏರುವ ಭಯವಿಲ್ಲ. ಕೊರತೆ ಏನೆಂದರೆ, ನಡುವಿನ ದೊಡ್ಡ ಹುಣ್ಣಿನಲ್ಲಿ ಉರಿಯೂತ ನಿಧಾನಕ್ಕೆ ಇಳಿಯುತ್ತದೆ, ಕಲೆ ದಟ್ಟವಾಗಬಹುದು. ಮತ್ತೆ, ಫಂಗಸ್ ಇದ್ದರೆ ಆಂಟಿಬಯೋಟಿಕ್ ಹಾಕುತ್ತಲೇ ವಾರ ಕಳೆದುಹೋಗುತ್ತದೆ. ಎರಡು ಮೂರು ದಿನ ಸರಿಯಾಗಿ ಹಾಕಿಯೂ ಹುಣ್ಣು ಜಗ್ಗದಿದ್ದರೆ ಬಾಟಲಿ ಬದಲಿಸಿ ಕೂರುವ ಹೊತ್ತಲ್ಲ ಅದು. ಕೆರೆದು ಪರೀಕ್ಷೆ ಮಾಡುವ ಕಡೆಗೆ ಹೋಗಬೇಕು.

ಅಂಚಿನ ಚಿಕ್ಕ ಹುಣ್ಣು, ಚೆನ್ನಾಗಿರುವ ನೋಟ, ಪದೇಪದೇ ಬರಲು ಆಗದ ದೂರದ ಊರು. ಈ ಮೂರೂ ಇದ್ದರೆ ನನ್ನ ಒಲವು ಇದೇ ದಾರಿಗೆ. ಸ್ಟೀರಾಯ್ಡ್ ಸೇರಿಸದಿದ್ದರೆ ಇವರಿಗೆ ಕಳೆದುಹೋಗುವುದು ಬಹಳ ಕಡಿಮೆ.

ಮೊದಲು ಆಂಟಿಬಯೋಟಿಕ್, ಆಮೇಲೆ ಸ್ಟೀರಾಯ್ಡ್

ಜಿಲ್ಲೆಯ ಡಾಕ್ಟರು 'ಎರಡು ದಿನ ನೋಡಿ ಸೇರಿಸೋಣ' ಅಂದರೆ ಅದು ಮನಸ್ಸಿಗೆ ಬಂದಂತೆ ಹೇಳಿದ ಮಾತಲ್ಲ. ಅದರ ಹಿಂದೆ ಒಂದು ದೊಡ್ಡ ಅಧ್ಯಯನವಿದೆ, ಅದೂ ಬಹುಪಾಲು ನಮ್ಮ ದೇಶದ ರೋಗಿಗಳ ಮೇಲೆ ನಡೆದದ್ದು. ತಮಿಳುನಾಡಿನ ಅರವಿಂದ್ ಕಣ್ಣಿನ ಆಸ್ಪತ್ರೆಗಳು ಮತ್ತು ಅಮೆರಿಕದ ಸಂಸ್ಥೆಗಳು ಸೇರಿ 2006ರಿಂದ 2010ರವರೆಗೆ 500 ರೋಗಿಗಳನ್ನು ಸೇರಿಸಿಕೊಂಡವು. ಎಲ್ಲರಿಗೂ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಖಚಿತವಾಗಿತ್ತು. ಎಲ್ಲರಿಗೂ ಮೊದಲ 48 ತಾಸು ಮಾಕ್ಸಿಫ್ಲಾಕ್ಸಾಸಿನ್ ಮಾತ್ರ. ಆಮೇಲೆ ಅರ್ಧ ಜನಕ್ಕೆ ಶೇ 1ರ ಪ್ರೆಡ್ನಿಸೊಲೋನ್ ಹನಿ, ಉಳಿದರ್ಧಕ್ಕೆ ಔಷಧಿಯಿಲ್ಲದ ಹನಿ. ಪ್ರೆಡ್ನಿಸೊಲೋನ್ ಮೊದಲ ವಾರ ದಿನಕ್ಕೆ ನಾಲ್ಕು ಸಲ, ಎರಡನೇ ವಾರ ಎರಡು ಸಲ, ಮೂರನೇ ವಾರ ಒಂದು ಸಲ. ಫಲಿತಾಂಶ 2012ರಲ್ಲಿ ಬಂತು.

ಎಲ್ಲರನ್ನೂ ಒಟ್ಟು ಸೇರಿಸಿ ನೋಡಿದಾಗ ಮೂರು ತಿಂಗಳಿಗೆ ನೋಟದಲ್ಲಿ ದೊಡ್ಡ ವ್ಯತ್ಯಾಸವೇ ಇರಲಿಲ್ಲ. ಹಾಗಂತ ಕಾರ್ನಿಯಾ ತೂತು ಬೀಳುವುದೂ ಜಾಸ್ತಿ ಆಗಲಿಲ್ಲ. ಅಂದರೆ ಎಲ್ಲರಿಗೂ ಸ್ಟೀರಾಯ್ಡ್ ಹಾಕಿದರೆ ಲಾಭವೂ ಇಲ್ಲ, ಹೆದರಿದಷ್ಟು ಹಾನಿಯೂ ಇಲ್ಲ. ನೆಂಟರ ಹೆದರಿಕೆಗೂ, ಅಂಗಡಿಯ ಭರವಸೆಗೂ ಇದು ಉತ್ತರ.

ಗುಂಪುಗಳಾಗಿ ಬಿಡಿಸಿ ನೋಡಿದಾಗ ಮಾತ್ರ ಚಿತ್ರ ಬದಲಾಯಿತು. ಬರುವಾಗಲೇ ಬೆರಳು ಎಣಿಸುವಷ್ಟು ಅಥವಾ ಅದಕ್ಕಿಂತ ಕಡಿಮೆ ನೋಟ ಇದ್ದವರಿಗೆ ಮತ್ತು ಹುಣ್ಣು ನಟ್ಟನಡುವೆ ಇದ್ದವರಿಗೆ ಸ್ಟೀರಾಯ್ಡ್‌ನಿಂದ ಉಪಯೋಗ ಕಂಡಿತು. ಗೋಡೆಯ ಮೇಲಿನ ಅಕ್ಷರದ ಚಾರ್ಟ್‌ನಲ್ಲಿ ಸುಮಾರು ಒಂದೂವರೆಯಿಂದ ಎರಡು ಸಾಲು ಹೆಚ್ಚು ಓದುವಷ್ಟು. ನೋಟ ತೀರಾ ಹೋದವರಿಗೆ ಅದು ಸಣ್ಣದಲ್ಲ. ಆಂಟಿಬಯೋಟಿಕ್ ಶುರುವಾದ ಎರಡು ಮೂರು ದಿನದೊಳಗೆ ಸ್ಟೀರಾಯ್ಡ್ ಸೇರಿಸಿದವರಿಗೆ, ಔಷಧಿಯಿಲ್ಲದ ಹನಿ ಹಾಕಿಕೊಂಡವರಿಗಿಂತ ಒಳ್ಳೆಯದಾಯಿತು. ತಡವಾಗಿ ಸೇರಿಸಿದವರಲ್ಲಿ ಆ ಲಾಭ ಕಾಣಲಿಲ್ಲ. ಇನ್ನೊಂದು ಕಡೆ, ನೊಕಾರ್ಡಿಯಾ ಎಂಬ ಬ್ಯಾಕ್ಟೀರಿಯಾ ಇದ್ದವರಿಗೆ ಕೆಟ್ಟದಾಯಿತು, ಕಲೆ ದೊಡ್ಡದಾಯಿತು. ನೊಕಾರ್ಡಿಯಾ ಮಣ್ಣಿನಲ್ಲಿ ಇರುವಂಥದ್ದು. ಹೊಲದಲ್ಲಿ ದುಡಿಯುವವರ ಮಟ್ಟಿಗೆ ಇದನ್ನು ಕಡೆಗಣಿಸಲು ಬರುವುದಿಲ್ಲ.

ಇಷ್ಟು ಓದಿದರೆ ಒಂದು ಮಾತು ತಾನಾಗಿ ಹೊಳೆಯುತ್ತದೆ. ಆ 500 ಜನರಲ್ಲಿ ಒಬ್ಬರಿಗೂ ರೋಗಾಣು ಗೊತ್ತಿಲ್ಲದೆ ಸ್ಟೀರಾಯ್ಡ್ ಹಾಕಲಿಲ್ಲ. ಹಾನಿಯಾಗಲಿಲ್ಲ ಎಂಬ ಭರವಸೆ ಅಂಥವರಿಗೆ ಮಾತ್ರ ಸಲ್ಲುತ್ತದೆ. ಪರೀಕ್ಷೆಯನ್ನು ಬಿಟ್ಟು ಹನಿಯನ್ನಷ್ಟೇ ಎತ್ತಿಕೊಂಡರೆ ಆ ಅಧ್ಯಯನದ ಹೆಸರು ಹೇಳುವ ಹಕ್ಕೇ ಇಲ್ಲ.

ನಡುವಿನ ದೊಡ್ಡ ಹುಣ್ಣು, ನೋಟ ಬಹಳ ಕಡಿಮೆ, ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದೆ, ಫಂಗಸ್ ಇಲ್ಲ, ಎರಡು ದಿನದ ಆಂಟಿಬಯೋಟಿಕ್‌ಗೆ ಹುಣ್ಣು ಬಗ್ಗಿದೆ. ಇಂಥವರಿಗೆ ಸ್ಟೀರಾಯ್ಡ್ ಸೇರಿಸುವ ಸಲಹೆ ಬಂದರೆ ಹೆದರಿ ಓಡಬೇಡಿ. 'ಡಾಕ್ಟರ್, ಸ್ಮಿಯರ್‌ನಲ್ಲಿ ಫಂಗಸ್ ಇಲ್ಲ ಅಂತ ಖಾತ್ರಿ ಆಯಿತೇ? ಕಲ್ಚರ್ ಬಂತೇ? ಮತ್ತೆ ಯಾವಾಗ ಬರಬೇಕು?' ಎಂದು ಕೇಳಿ. ಮೂರಕ್ಕೂ ನೇರ ಉತ್ತರ ಸಿಕ್ಕರೆ ಧೈರ್ಯವಾಗಿ ಹಾಕಿಸಿಕೊಳ್ಳಬಹುದು. ಸ್ಟೀರಾಯ್ಡ್ ಶುರುವಾಯಿತು ಅಂತ ಆಂಟಿಬಯೋಟಿಕ್ ಬಿಡುವ ಹಾಗಿಲ್ಲ. ಎರಡು ಹನಿಗಳ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಎರಡೂ ಸೇರಿದ ಒಂದೇ ಬಾಟಲಿ

ಆಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಎರಡೂ ಬೆರೆತ ಹನಿಗಳು ನಮ್ಮಲ್ಲಿ ಯಾವ ಊರಿನ ಅಂಗಡಿಯಲ್ಲೂ ಸಿಗುತ್ತವೆ. ಒಂದೇ ಬಾಟಲಿ, ಕಡಿಮೆ ದುಡ್ಡು, ಬೇಗ ಆರಾಮ. ಜನ ಇದನ್ನು ಯಾಕೆ ಇಷ್ಟಪಡುತ್ತಾರೆ ಎಂಬುದು ಅರ್ಥವಾಗುತ್ತದೆ. ದಿನಗೂಲಿ ಬಿಟ್ಟು ಪೇಟೆಯ ಆಸ್ಪತ್ರೆಗೆ ಹೋಗುವುದು ಸುಮ್ನೆ ಮಾತಲ್ಲ.

ಆದರೂ ಕಾರ್ನಿಯಾ ಹುಣ್ಣಿಗೆ ಇದನ್ನು ಮೊದಲ ಔಷಧಿಯಾಗಿ ನಾನು ಯಾರಿಗೂ ಒಪ್ಪಿಸಲಾರೆ. ರೋಗಾಣು ಗೊತ್ತಿಲ್ಲದೆ ಮೊದಲ ಹನಿಯಿಂದಲೇ ಸ್ಟೀರಾಯ್ಡ್ ಬೀಳುತ್ತದೆ, ಇದು ಒಂದು. ಇನ್ನೊಂದು ಅಷ್ಟೇ ಮುಖ್ಯ: ಇಲ್ಲಿ ಎರಡರ ಪ್ರಮಾಣವನ್ನು ಬೇರೆಬೇರೆ ಮಾಡಲು ಬರುವುದಿಲ್ಲ. ಆಂಟಿಬಯೋಟಿಕ್ ತಾಸಿಗೊಮ್ಮೆ ಬೇಕು, ಸ್ಟೀರಾಯ್ಡ್ ದಿನಕ್ಕೆ ಎರಡು ನಾಲ್ಕು ಸಲ ಸಾಕು. ಒಂದೇ ಬಾಟಲಿಯನ್ನು ದಿನಕ್ಕೆ ನಾಲ್ಕು ಸಲ ಹಾಕಿದರೆ ಆಂಟಿಬಯೋಟಿಕ್ ಸಾಲದು. ತಾಸಿಗೊಮ್ಮೆ ಹಾಕಿದರೆ ಸ್ಟೀರಾಯ್ಡ್ ಅತಿಯಾಯಿತು. ಹೇಗೆ ಹಾಕಿದರೂ ತಪ್ಪೇ.

ಈ ಬಾಟಲಿಗಳಿಗೆ ಅವುಗಳದೇ ಜಾಗವಿದೆ. ಪೊರೆಯ ಆಪರೇಷನ್ ಆದ ಮೇಲೆ ಡಾಕ್ಟರು ಇಂಥ ಹನಿಯನ್ನೇ ಕೊಡುವುದುಂಟು. ಅಲ್ಲಿ ಅದು ಸರಿಯಾದ ಔಷಧಿ. ಇದನ್ನು ಓದಿ, ಆಪರೇಷನ್ ಆದ ನಿಮ್ಮ ಅವ್ವನ ಹನಿ ನಿಲ್ಲಿಸಿಬಿಡಬೇಡಿ. ಅವರಿಗೆ ಹೇಳಿದಷ್ಟು ದಿನ, ಹೇಳಿದ ಹಾಗೆ ಹಾಕಲೇಬೇಕು.

ಬಾಟಲಿಯಲ್ಲಿ ಸ್ಟೀರಾಯ್ಡ್ ಇದೆಯೇ ಎಂದು ತಿಳಿಯಲು ದೊಡ್ಡಕ್ಷರದ ಹೆಸರನ್ನು ನಂಬಬೇಡಿ. ಕೆಳಗೆ ಸಣ್ಣಕ್ಷರದಲ್ಲಿ ಬರೆದ ಔಷಧಿ ಹೆಸರು ಓದಿ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್, ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್. ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ಕಾಲೇಜಿಗೆ ಹೋಗುವ ಮಕ್ಕಳ ಕೈಲಿ ಓದಿಸಿದರೆ ಎರಡು ನಿಮಿಷದ ಕೆಲಸ. ಇವನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ ಎಂಬುದೂ ನಿಮಗೆ ಗೊತ್ತಿರಲಿ.

ಉಳಿದ ಬಾಟಲಿಯನ್ನು ಎತ್ತಿಟ್ಟು ಮುಂದಿನ ಸಲ ಯಾರ ಕಣ್ಣು ಕೆಂಪಾದರೂ ಹಾಕುವ ರೂಢಿ ಇದೆಯಲ್ಲ, ಅದೂ ಇದೇ ಸಾಲಿಗೆ ಸೇರಿದ್ದು. ತಿಂಗಳುಗಟ್ಟಲೆ ಹೀಗೆ ಹಾಕಿಕೊಂಡವರಿಗೆ ಕೆಲವೊಮ್ಮೆ ಕಣ್ಣಿನ ಪ್ರೆಶರ್ ಏರುತ್ತದೆ, ನರ ಸೊರಗುತ್ತದೆ, ಪೊರೆ ಬೇಗ ಬರುತ್ತದೆ. ನರ ಸೊರಗಿ ಹೋದ ನೋಟ ಯಾವ ಆಪರೇಷನ್‌ನಿಂದಲೂ ವಾಪಸ್ ಬರುವುದಿಲ್ಲ.

ಸ್ಟೀರಾಯ್ಡ್ ದೂರವಿಡಬೇಕಾದ ಕಣ್ಣು

ಪರೀಕ್ಷೆಯಲ್ಲಿ ಫಂಗಸ್ ಬಂದರೆ ಸೋಂಕು ಬಲವಾಗಿರುವಾಗ ಸ್ಟೀರಾಯ್ಡ್ ಬೇಡ. ಇಲ್ಲಿ ಬೇಕಾದದ್ದು ನಟಮೈಸಿನ್ ಶೇ 5ರ ಹನಿ. ಇದನ್ನೂ ವೊರಿಕೊನಜೋಲ್ ಹನಿಯನ್ನೂ ಹೋಲಿಸಿದ ಅಧ್ಯಯನ ಕೂಡ ದಕ್ಷಿಣ ಭಾರತದಲ್ಲೇ ನಡೆದು 2013ರಲ್ಲಿ ಪ್ರಕಟವಾಯಿತು. ನಟಮೈಸಿನ್ ಗೆದ್ದಿತು, ಅದರಲ್ಲೂ ಫ್ಯುಸೇರಿಯಂ ಎಂಬ ಫಂಗಸ್ ಮೇಲೆ. ಹಳೆಯ ಔಷಧಿ ಅಂತ ಮೂಗು ಮುರಿಯಬೇಡಿ. ಬಾಟಲಿಯ ತಳದಲ್ಲಿ ಔಷಧಿ ಕೂತಿರುತ್ತದೆ, ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿ ಹಾಕಬೇಕು. ಮಾಯಲು ವಾರಗಳೇ ಬೇಕು. ಎರಡನೇ ವಾರಕ್ಕೆ ಬೇಸರ ಬರುತ್ತದೆ, ಆಗ ಬಿಡಬಾರದು.

ಕಟ್ಟೆಯ ನೀರು, ಕೆಸರು ತಾಗಿದ ಕಣ್ಣಿನಲ್ಲಿ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲಿ ಅಕಾಂತಮೀಬಾ ಎಂಬ ಇನ್ನೊಂದು ಜೀವಿ ಸೇರಿಕೊಳ್ಳಬಹುದು. ಹುಣ್ಣಿಗೆ ಹೋಲಿಸಿದರೆ ನೋವು ವಿಪರೀತ. ಅದು ಪತ್ತೆಯಾಗುವ ಮೊದಲೇ ಸ್ಟೀರಾಯ್ಡ್ ಹಾಕಿದ್ದರೆ ಫಲ ಕೆಡುತ್ತದೆ.

ವೈರಸ್ ವಿಷಯದಲ್ಲಿ ಎರಡು ಮಾತು. ಹರ್ಪೀಸ್ ವೈರಸ್ ಕಾರ್ನಿಯಾದ ಮೇಲ್ಪದರದಲ್ಲಿ ಮರದ ಕೊಂಬೆಯಾಕಾರದ ಹುಣ್ಣು ಮಾಡಿದ್ದರೆ ಸ್ಟೀರಾಯ್ಡ್ ಅದನ್ನು ಹರಡಿಸುತ್ತದೆ. ಅದೇ ವೈರಸ್ ಒಳಪದರದಲ್ಲಿ ಉರಿಯೂತ ಎಬ್ಬಿಸಿ, ಮೇಲೆ ಹುಣ್ಣಿಲ್ಲದಿದ್ದರೆ, ವೈರಸ್ ಔಷಧಿಯ ರಕ್ಷಣೆಯಲ್ಲಿ ಸ್ಟೀರಾಯ್ಡ್ ಕೊಡುವುದೇ ಸರಿ. ಅಮೆರಿಕದ ದೊಡ್ಡ ಅಧ್ಯಯನವೊಂದು 1994ರಲ್ಲೇ ಇದನ್ನು ತೋರಿಸಿದೆ. ಒಂದೇ ರೋಗ, ಒಂದೇ ಕಣ್ಣು, ಪದರ ಬದಲಾದರೆ ಚಿಕಿತ್ಸೆ ತಿರುವು ಮುರುವು. ಹೀಗಾಗಿ 'ಹೋದ ವರ್ಷ ಇದೇ ಹನಿ ಕೊಟ್ಟಿದ್ರು' ಎಂದು ಹಳೆಯ ಚೀಟಿ ಹಿಡಿದು ಅಂಗಡಿಗೆ ಹೋಗಬೇಡಿ.

ಮಳೆಗಾಲದಲ್ಲಿ ಮನೆಮಂದಿಗೆಲ್ಲ ಹರಡುವ ಕಣ್ಣುಬೇನೆ ಬೇರೆ. 2023ರಲ್ಲಿ ರಾಜ್ಯದ ತುಂಬ ಹಬ್ಬಿತ್ತಲ್ಲ, ಅದು. ಬಹುತೇಕ ತಾನಾಗಿ ಇಳಿಯುತ್ತದೆ. ಅದಕ್ಕೆ ಸ್ಟೀರಾಯ್ಡ್ ಓಡಿ ಹಾಕಬೇಕಿಲ್ಲ. ಆದರೆ ನೋಟ ಮಂಜಾದರೆ, ಬೆಳಕು ಸಹಿಸಲಾಗದಿದ್ದರೆ, ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದನ್ನು ಕಣ್ಣುಬೇನೆ ಎಂದು ಕಾಯಬೇಡಿ.

ಕಣ್ಣಿನ ಒಳಗಡೆ ಸೋಂಕಾದರೆ

ಪೊರೆಯ ಆಪರೇಷನ್ ಆಗಿ ಕೆಲವು ದಿನಗಳಲ್ಲಿ ನೋವು, ಕೆಂಪು, ದಿಢೀರನೆ ನೋಟ ಇಳಿಯುವುದು. ಅಪರೂಪ, ಆದರೆ ಬಂದರೆ ತಾಸುಗಳ ಲೆಕ್ಕ. ಇಲ್ಲಿ ಹನಿ ಸಾಲದು. ಕಣ್ಣಿನೊಳಕ್ಕೇ ಆಂಟಿಬಯೋಟಿಕ್ ಚುಚ್ಚಬೇಕು. ವ್ಯಾಂಕೊಮೈಸಿನ್ 1 ಮಿಲಿಗ್ರಾಂ, ಸೆಫ್ಟಾಜಿಡೈಮ್ 2.25 ಮಿಲಿಗ್ರಾಂ ಸಾಮಾನ್ಯ ಜೋಡಿ. ಬರೀ ಬೆಳಕು ಮಾತ್ರ ಕಾಣುವ ಹಂತಕ್ಕೆ ಬಂದವರಿಗೆ ಒಳಗಿನ ಲೋಳೆ ತೆಗೆಯುವ ವಿಟ್ರೆಕ್ಟಮಿ ಆಪರೇಷನ್ ಮಾಡಿದರೆ ಹೆಚ್ಚು ಉಪಯೋಗ ಎಂದು 1995ರ ಅಧ್ಯಯನ ತೋರಿಸಿತು.

ಆಂಟಿಬಯೋಟಿಕ್ ಜೊತೆ ಡೆಕ್ಸಾಮೆಥಾಸೋನನ್ನೂ ಒಳಗೆ ಚುಚ್ಚಬೇಕೇ ಎಂಬುದರಲ್ಲಿ ತಜ್ಞರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಫಂಗಸ್ ಅನುಮಾನ ಇದ್ದರೆ ಬಹುತೇಕರು ಬಿಡುತ್ತಾರೆ. ಮನೆಯವರಾಗಿ ನೀವು ಇಲ್ಲಿ ಸ್ಟೀರಾಯ್ಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೀವು ಆರಿಸಬೇಕಾದದ್ದು ಒಂದೇ: ಅವತ್ತೇ ರೆಟಿನಾ ತಜ್ಞರಿರುವ ಆಸ್ಪತ್ರೆ ತಲುಪುವುದು. ಸಕ್ಕರೆ ಕಾಯಿಲೆ ಇದ್ದವರಿಗೆ ಸ್ಟೀರಾಯ್ಡ್ ಗುಳಿಗೆ ಕೊಟ್ಟರೆ ಸಕ್ಕರೆ ಏರುತ್ತದೆ, ಅದನ್ನು ಮಾತ್ರ ಮೊದಲೇ ತಿಳಿಸಿ.

ದುಡ್ಡು, ದಾರಿ, ದಿನಗೂಲಿ

ಸ್ಟೀರಾಯ್ಡ್ ಹನಿ ಅಗ್ಗದ್ದು. ಅದರ ನಿಜವಾದ ಖರ್ಚು ಬಸ್ ಚಾರ್ಜು ಮತ್ತು ಬಿಟ್ಟ ಕೂಲಿ. ಯಾಕೆಂದರೆ ಅದನ್ನು ಹಾಕಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಲೇಬೇಕು, ಪ್ರೆಶರ್ ಅಳೆಯಲೇಬೇಕು. ಹಣ ಇದೆ ಆದರೆ ಬರಲು ಆಗಲ್ಲ ಅನ್ನುವವರಿಗಿಂತ, ಹಣ ಕಡಿಮೆ ಇದ್ದರೂ ಆಸ್ಪತ್ರೆ ಪಕ್ಕದಲ್ಲೇ ಇರುವವರಿಗೆ ಈ ಔಷಧಿ ಹೆಚ್ಚು ಹೊಂದುತ್ತದೆ. ದೂರದವರು ಒಂದು ವಾರ ಅಡ್ಮಿಟ್ ಆಗುವುದನ್ನು ಯೋಚಿಸಿ. ತಾಸಿಗೊಮ್ಮೆ ಹನಿ ಹಾಕುವ ಕೆಲಸವೂ ನರ್ಸ್ ಕೈಗೆ ಹೋಗುತ್ತದೆ.

ಖರ್ಚನ್ನು ಎಲ್ಲಿ ಕಡಿಮೆ ಮಾಡಬಹುದು, ಎಲ್ಲಿ ಮಾಡಬಾರದು? ಮಾಕ್ಸಿಫ್ಲಾಕ್ಸಾಸಿನ್ ಜನೌಷಧಿ ಕೇಂದ್ರದಲ್ಲಿ ಸಿಕ್ಕರೆ ತೆಗೆದುಕೊಳ್ಳಿ, ದುಬಾರಿ ಹೆಸರಿನದೇ ಬೇಕಿಲ್ಲ. ನಟಮೈಸಿನ್ ಅದಕ್ಕಿಂತ ದುಬಾರಿ, ಬಾಟಲಿ ಬೇಗ ಮುಗಿಯುತ್ತದೆ, ಎರಡು ಮೂರು ಬಾಟಲಿಗೆ ಮೊದಲೇ ದುಡ್ಡು ಹೊಂದಿಸಿಕೊಳ್ಳಿ. ಕೆರೆದು ಮಾಡುವ ಪರೀಕ್ಷೆಯಲ್ಲಿ ಮಾತ್ರ ಉಳಿತಾಯ ಬೇಡ. ತಪ್ಪು ಹನಿ ಹಾಕಿ ಕಾರ್ನಿಯಾ ತೂತಾದರೆ ಮುಂದಿನದು ಕಾರ್ನಿಯಾ ಕಸಿ. ಅದರ ಖರ್ಚಿನ ಮುಂದೆ ಈ ಪರೀಕ್ಷೆಯ ದುಡ್ಡು ಏನೂ ಅಲ್ಲ. ದಾನಿಯ ಕಣ್ಣಿಗೂ ಕಾಯಬೇಕು.

ಹತ್ತಿರದ ಕ್ಲಿನಿಕ್ ಅಥವಾ ದೂರದ ದೊಡ್ಡ ಆಸ್ಪತ್ರೆ ಎಂಬ ಪ್ರಶ್ನೆಗೂ ಇದೇ ಅಳತೆ. ಅಲ್ಲಿ ಹುಣ್ಣು ಕೆರೆದು ಅವತ್ತೇ ಸ್ಮಿಯರ್ ನೋಡುತ್ತಾರೆಯೇ? ಫೋನ್ ಮಾಡಿ ಇದೊಂದನ್ನೇ ಕೇಳಿ. ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್ಇ, ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ನಿಜಲಿಂಗಪ್ಪ ಮೆಡಿಕಲ್ ಕಾಲೇಜು. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಅನುಕೂಲ ಅಂದರೆ ಕಣ್ಣಿನ ವಿಭಾಗವೂ ಮೈಕ್ರೋಬಯಾಲಜಿ ಲ್ಯಾಬೂ ಒಂದೇ ಕಡೆ ಇರುತ್ತವೆ. ಅಥಣಿಯವರಿಗೆ ಬೆಳಗಾವಿಗಿಂತ ಮೀರಜ್ ಹತ್ತಿರ, ಚಡಚಣದವರಿಗೆ ಸೊಲ್ಲಾಪುರ ಹತ್ತಿರ. ಗಡಿ ದಾಟಿ ಹೋದರೂ ಅಡ್ಡಿಯಿಲ್ಲ. ಆದರೆ ಎಲ್ಲಿ ಶುರುಮಾಡಿದಿರೋ ಅಲ್ಲೇ ಮುಂದುವರಿಸುವಂತಿರಲಿ. ಸ್ಟೀರಾಯ್ಡ್ ಹಾಕುತ್ತಿರುವ ಹುಣ್ಣನ್ನು ನಿನ್ನೆ ನೋಡಿದ ಕಣ್ಣೇ ಇವತ್ತೂ ನೋಡಿದರೆ ಸಣ್ಣ ಬದಲಾವಣೆ ಬೇಗ ಸಿಗುತ್ತದೆ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಚಿಕಿತ್ಸೆ ಸೇರುತ್ತದೆಯೇ ಎಂದು ಅಡ್ಮಿಟ್ ಆಗುವ ಮೊದಲೇ ಕೌಂಟರ್‌ನಲ್ಲಿ ಕೇಳಿ.

ಈಗಾಗಲೇ ಹಾಕಿದ್ದರೆ

ಓದುತ್ತಾ ಇಲ್ಲಿಗೆ ಬಂದವರಲ್ಲಿ ಕೆಲವರ ಮನೆಯಲ್ಲಿ ಆ ಬೆರಕೆ ಬಾಟಲಿ ಆಗಲೇ ಅರ್ಧ ಖಾಲಿ ಆಗಿರುತ್ತದೆ. ಗಾಬರಿ ಬೇಡ, ತಡವೂ ಬೇಡ. ಕೆಂಪು ಇಳಿದಿದೆ ಎಂದು ನಾಳೆಗೆ ಮುಂದೂಡಬೇಡಿ. ಸ್ಟೀರಾಯ್ಡ್ ಬಿದ್ದ ಕಣ್ಣಿನಲ್ಲಿ ಕೆಂಪು ಇಳಿಯುವುದು ಗುಣದ ಗುರುತಲ್ಲ. ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಬಾಟಲಿ, ಅದರ ಡಬ್ಬಿ, ಹಳೆಯ ಚೀಟಿ ಎಲ್ಲ ಜೊತೆಗಿರಲಿ. ಯಾವ ದಿನ ಏನು ತಾಗಿತು, ಯಾವ ದಿನದಿಂದ ದಿನಕ್ಕೆ ಎಷ್ಟು ಸಲ ಹಾಕಿದಿರಿ, ಕೊನೆಯ ಹನಿ ಯಾವಾಗ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸ್ಟೀರಾಯ್ಡ್ ಹುಣ್ಣಿನ ಚಹರೆಯನ್ನೇ ಬದಲಿಸಿರುತ್ತದೆ. ಆದ್ದರಿಂದ ನೋಡಿ ಹೇಳುವುದು ಡಾಕ್ಟರಿಗೂ ಇನ್ನಷ್ಟು ಕಷ್ಟ. ಸ್ಟೀರಾಯ್ಡ್ ಬಿದ್ದಿದೆ ಎಂಬುದನ್ನು ಕೂತ ತಕ್ಷಣ ಹೇಳಿ, ಹುಣ್ಣು ಕೆರೆದು ಸ್ಮಿಯರ್ ಮಾಡಿಸಲು ಕೇಳಿ. ಹನಿಯನ್ನು ಒಮ್ಮೆಲೇ ನಿಲ್ಲಿಸುವುದೋ, ಮೆಲ್ಲಗೆ ಇಳಿಸುವುದೋ, ಯಾವುದನ್ನು ಬದಲಿಗೆ ಹಾಕುವುದೋ ಎಂಬುದನ್ನು ಆ ವರದಿ ನೋಡಿ ಅವರು ಹೇಳುತ್ತಾರೆ.